ಏನೂ ತಿಳಿಯದೆ ವೋಟು ಹಾಕುವುದಕ್ಕಿಂತ ಸುಮ್ಮನಿರುವುದೇ ಒಳ್ಳೆಯದಲ್ವಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಈಗಷ್ಟೇ 18 ತುಂಬಿದೆ, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೀರಿ, ರಾಜಕೀಯ ಅಷ್ಟಾಗಿ ಗೊತ್ತಿಲ್ಲ ಅಂದಿದ್ದೀರಿ. ತಿಳಿಯದವರು ಹಾಕುವ ವೋಟು ತಿಳಿದವರ ವೋಟನ್ನೂ ಕೆಡಿಸುತ್ತದೆ, ಹಾಗಾಗಿ ನಾನು ದೂರ ಇರುವುದೇ ಸರಿ ಅಲ್ವಾ ಅಂತ ಕೇಳಿದ್ದೀರಿ.

ದಯವಿಟ್ಟು ದೂರ ಇರಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನು ಮಂಡ್ಯ ಜಿಲ್ಲೆಯವನು, ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಐದಾರು ಚುನಾವಣೆಗಳಲ್ಲಿ ಮತಗಟ್ಟೆ ಕೆಲಸ ಮಾಡಿದ್ದೇನೆ. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಮಷಿನ್ ಪಡೆದು, ಬಸ್ಸಿನಲ್ಲಿ ಆ ಊರು ಸೇರಿ, ರಾತ್ರಿ ಶಾಲೆಯ ಕೊಠಡಿಯಲ್ಲೇ ಮಲಗುತ್ತೇವೆ. ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮುಗಿಸಿ ಬಾಗಿಲು ತೆರೆಯುವಾಗ ಹೊರಗೆ ಆಗಲೇ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ನಿಮ್ಮಷ್ಟು ಯೋಚನೆ ಮಾಡಿ ಬಂದವರೂ ಇರುತ್ತಾರೆ, ದುಡ್ಡು ತೆಗೆದುಕೊಂಡು ಬಂದವರೂ ಇರುತ್ತಾರೆ. ಮನೆಯಲ್ಲಿ ಹೇಳಿದ ಗುರುತಿಗೆ ಒತ್ತಿ ಹೋಗುವವರೂ ಇರುತ್ತಾರೆ. "ನನಗೆ ಸರಿಯಾಗಿ ಗೊತ್ತಿಲ್ಲ, ತಪ್ಪಾದರೆ ಹೇಗೆ" ಅಂತ ಅಳುಕುವವರು ಮಾತ್ರ ಮನೆಯಲ್ಲಿ ಉಳಿದರೆ ಏನಾಗುತ್ತದೆ ನೋಡಿ. ದುಡ್ಡು ಪಡೆದವರು ಬಂದೇ ಬರುತ್ತಾರೆ. ಉಳಿಯುವವರು ನಿಮ್ಮಂಥವರೇ.

ಹಾಗಂತ ಕಣ್ಣುಮುಚ್ಚಿ ಒತ್ತಿ ಬನ್ನಿ ಅನ್ನುತ್ತಿಲ್ಲ. ತಿಳಿದುಕೊಂಡೇ ಹಾಕಬೇಕು. ಆದರೆ ಏನನ್ನು ತಿಳಿಯಬೇಕು ಅನ್ನುವುದರಲ್ಲೇ ನಾನು ಒಮ್ಮೆ ಎಡವಿದ್ದೇನೆ.

ನಮ್ಮ ಜಮೀನು ನಾಲೆಯ ಕೊನೆ ಭಾಗದಲ್ಲಿದೆ. ಕಟ್ಟು ನೀರು, ಅಂದರೆ ಸರದಿಯಂತೆ ಕೆಲವು ದಿನ ಮಾತ್ರ ಬಿಡುವ ನೀರು, ಬಿಟ್ಟಾಗ ಮೇಲಿನವರ ಗದ್ದೆಯೆಲ್ಲ ತುಂಬಿ ನಮ್ಮ ಕಡೆ ತಿರುಗುವ ಹೊತ್ತಿಗೆ ನೀರು ನಿಲ್ಲಿಸುವ ದಿನ ಬಂದಿರುತ್ತದೆ. ಒಂದು ಲೋಕಸಭಾ ಚುನಾವಣೆಯಲ್ಲಿ ಪ್ರಚಾರಕ್ಕೆ ಬಂದ ಅಭ್ಯರ್ಥಿಯೊಬ್ಬರು ತೂಬು ಸರಿ ಮಾಡಿಸುತ್ತೇನೆ, ಊರಿನ ಚರಂಡಿ ಮಾಡಿಸುತ್ತೇನೆ ಅಂದರು. ಅಷ್ಟು ಸಾಕಾಯಿತು ನನಗೆ. ಅದನ್ನೇ ನಂಬಿ ವೋಟು ಹಾಕಿದೆ. ದಿನಾ ಪೇಪರ್ ಓದುವವನು, ಮಕ್ಕಳಿಗೆ ಪೌರನೀತಿ ಪಾಠ ಮಾಡುವವನು ನಾನು. ಚರಂಡಿ ಗ್ರಾಮ ಪಂಚಾಯಿತಿಯ ಕೆಲಸ, ನಾಲೆ ರಾಜ್ಯ ಸರ್ಕಾರದ್ದು, ನಾಲೆಗೆ ನೀರು ಯಾವಾಗ ಬಿಡಬೇಕು ಅಂತ ಮಾತಾಡುವ ನೀರಾವರಿ ಸಲಹಾ ಸಮಿತಿಯಲ್ಲಿ ಶಾಸಕರು ಕೂರುತ್ತಾರೆ ಅನ್ನುವುದು ಆಗ ಹೊಳೆಯಲೇ ಇಲ್ಲ. ದೆಹಲಿಗೆ ಹೋಗುವವರನ್ನು ಕೇಳಬೇಕಾಗಿದ್ದೇ ಬೇರೆ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುವುದು ಕೇಂದ್ರ ಸರ್ಕಾರ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಿತು. ಸಾಮಾನ್ಯ ಮಳೆಯ ವರ್ಷದಲ್ಲಿ ನಾವು ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕು. ಆ ತೀರ್ಪು ಜಾರಿ ಮಾಡಲು ಅದೇ ವರ್ಷ ಕೇಂದ್ರ ಸರ್ಕಾರ ಪ್ರಾಧಿಕಾರ ರಚಿಸಿತು. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ಸೊರಗಿದಾಗ ಮಂಡ್ಯದ ರಸ್ತೆಗಳಲ್ಲಿ ಜನ ಕೂತಿದ್ದು ಈ ನೀರಿಗಾಗಿಯೇ. ಸಂಸದರಾಗಲು ಬಂದವರನ್ನು ಇದರ ಬಗ್ಗೆ ಕೇಳದೆ ಚರಂಡಿ ಕೇಳಿದ್ದು ನನ್ನ ತಪ್ಪು. ಐದು ವರ್ಷ ಅದಕ್ಕೆ ಮರುಗಿದೆ.

ಅದಕ್ಕೇ ನಾನು ಹೇಳುವುದು, ಮೊದಲು ಕುರ್ಚಿ ಯಾವುದು ಅಂತ ತಿಳಿಯಿರಿ. ಈ ಚುನಾವಣೆಯಲ್ಲಿ ಗೆದ್ದವರ ಕೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ? ಅದು ಗೊತ್ತಾದರೆ ಅರ್ಧದಷ್ಟು ಭರವಸೆಗಳು ತಾವಾಗಿಯೇ ಉದುರಿ ಹೋಗುತ್ತವೆ. ಆಮೇಲೆ ಅಭ್ಯರ್ಥಿ. ಅವರ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಲೇಬೇಕು. ಮತದಾರನಿಗೆ ಇದನ್ನು ತಿಳಿಯುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದರಿಂದ ಬಂದ ಪದ್ಧತಿ ಅದು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಒಂದು ಸಂಜೆ ಕೂತು ಓದಿದರೆ ಸಾಕು. ಅದನ್ನೆಲ್ಲ ನೋಡಿದ ಮೇಲೂ ಯಾರೂ ಬೇಡ ಅನ್ನಿಸಿದರೆ 2013ರಿಂದ ನೋಟಾ ಇದೆ. ಆದರೆ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಜಾಸ್ತಿ ಮತ ಪಡೆದವರೇ ಗೆಲ್ಲುತ್ತಾರೆ, ಅದು ನೆನಪಿರಲಿ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, ಮತದಾರರಿಗೆ ಪರೀಕ್ಷೆ ಇಡಬೇಕು, ಪಾಸಾದವರಿಗೆ ಮಾತ್ರ ವೋಟು ಅಂತ ಬರೆದಿದ್ದಾರೆ. ಅದನ್ನು ಓದಿ ಬೇಜಾರಾಯಿತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇಂಥ ಪರೀಕ್ಷೆ ಇತ್ತು. ಕರಿಯರನ್ನು ಮತಗಟ್ಟೆಯಿಂದ ದೂರ ಇಡಲು ಅದನ್ನು ಬಳಸಿದರು. ಅದಕ್ಕೆ ತಡೆ ಬೀಳಲು 1965ರ ಕಾಯ್ದೆ ಬರಬೇಕಾಯಿತು. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನಲ್ಲೇ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೂ ಅಲ್ಲಿ ಕೂತವರು ಹೆಚ್ಚಾಗಿ ಜಮೀನುಳ್ಳವರು, ವ್ಯಾಪಾರಸ್ಥರು. ಗೇಯುವವರ ಕಷ್ಟವನ್ನು ಗೇಯಿಸುವವರೇ ಹೇಳಬೇಕಾಗಿತ್ತು.

1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಸುಮಾರು 18 ಜನರಿಗೆ ಮಾತ್ರ ಓದು ಬರುತ್ತಿತ್ತು. ಓದು ಬಂದ ಮೇಲೆ ವೋಟು ಕೊಡೋಣ ಅಂತ ಯಾರೂ ಕಾಯಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಗುರುತು ಅಂಟಿಸಿದರು. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಜೋಡೆತ್ತಿನ ಪೆಟ್ಟಿಗೆ ಯಾವುದು, ಗುಡಿಸಲಿನ ಪೆಟ್ಟಿಗೆ ಯಾವುದು ಅಂತ ನೋಡಿಕೊಂಡು ಚೀಟಿ ಹಾಕಿ ಬಂದಿದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಪರೀಕ್ಷೆ ಇಟ್ಟಿದ್ದರೆ ನಮ್ಮಜ್ಜಿ ಫೇಲು. ಆದರೆ ಪಡಿತರದಲ್ಲಿ ಯಾರು ಮೋಸ ಮಾಡುತ್ತಾರೆ, ಬರ ಬಂದಾಗ ಯಾರು ಮನೆ ಬಾಗಿಲಿಗೆ ಬಂದರು ಅನ್ನುವುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಇರಲಿಲ್ಲ.

2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತಾಗ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಜನ ಗೊಂದಲಕ್ಕೆ ಬೀಳುತ್ತಾರೆ ಅಂತ ಎಲ್ಲರೂ ಮಾತಾಡಿಕೊಂಡರು. ಆದರೆ ಹಳ್ಳಿ ಹಳ್ಳಿಯಲ್ಲೂ ಕಹಳೆ ಊದುವ ರೈತನ ಗುರುತು ಬಾಯಿಪಾಠ ಆಗಿತ್ತು. ಅವರು 1.25 ಲಕ್ಷಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಅದು ಸರಿಯಾದ ಆಯ್ಕೆಯೋ ಅಲ್ಲವೋ ಅಂತ ನಾನು ಹೇಳುತ್ತಿಲ್ಲ. ತಮಗೆ ಬೇಕಾದವರನ್ನು ಹುಡುಕಿ ಒತ್ತುವಷ್ಟು ತಿಳಿವಳಿಕೆ ಜನರಲ್ಲಿತ್ತು ಅನ್ನುವುದಷ್ಟೇ ನನ್ನ ಮಾತು. ಆ ಸಲ ನಮ್ಮಲ್ಲಿ ನೂರಕ್ಕೆ 80 ಜನ ಮತಗಟ್ಟೆಗೆ ಬಂದರು. ಬೆಂಗಳೂರು ದಕ್ಷಿಣದಲ್ಲಿ ಬಂದವರು ನೂರಕ್ಕೆ 54ರ ಆಸುಪಾಸು. ಅಲ್ಲಿ ಓದಿದವರಿಗೇನು ಕಡಿಮೆ?

ಈಗ ನಿಮ್ಮ ಕೆಲಸಕ್ಕೆ ಬರೋಣ. ಪಟ್ಟಿಯಲ್ಲಿ ಹೆಸರಿದೆಯಾ? ಇಲ್ಲದಿದ್ದರೆ ಫಾರಂ 6 ತುಂಬಿ. ಮುಂಚೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಸ್ಟೆಲಿನಲ್ಲಿ ಇರುವವರು ಮೈಸೂರಿನಲ್ಲೇ ಹೆಸರು ಸೇರಿಸಬಹುದು, ಇಲ್ಲವೇ ಊರಿನಲ್ಲಿ ಸೇರಿಸಬಹುದು. ಎರಡು ಕಡೆ ಇರುವಂತಿಲ್ಲ. ನನ್ನನ್ನು ಕೇಳಿದರೆ ಊರಿನಲ್ಲೇ ಇರಲಿ ಅನ್ನುತ್ತೇನೆ. ಅಲ್ಲಿಯ ನಾಲೆ, ರಸ್ತೆ, ಶಾಲೆ ನಿಮಗೆ ಚಿಕ್ಕಂದಿನಿಂದ ಗೊತ್ತು. ಏನೂ ಗೊತ್ತಿಲ್ಲ ಅಂದುಕೊಂಡಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ.