ಸಿಜೆ3ಬಿ ಜೀಪಿನ ಬಾಡಿ ಕೆಳಗೆ ಎಂಎಂ540 ಚಾಸಿ: ಗ್ರೈಂಡರ್ ಹಿಡಿಯುವ ಮುಂಚೆ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಓದಿದೆ, ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಹೊಸದಾಗಿ ಓದುವವರಿಗೆ ವಿಷಯ ಇಷ್ಟು: ಸಕಲೇಶಪುರದ ಹತ್ತಿರ ಇವರ ತೋಟದ ಶೆಡ್ಡಿನಲ್ಲಿ ತಾತನ 1968ರ ಮಹೀಂದ್ರ ಸಿಜೆ3ಬಿ ಜೀಪ್ ನಿಂತಿದೆ. ಬಾಡಿ ಪರವಾಗಿಲ್ಲ, ಚಾಸಿ (ಬಾಡಿ ಕೂರುವ ಕಬ್ಬಿಣದ ಚೌಕಟ್ಟು) ಹಿಂದುಗಡೆ ತುಕ್ಕು ತಿಂದು ಹೋಗಿದೆ. ಮೆಕ್ಯಾನಿಕ್ ಒಬ್ಬರು ಗುಜರಿಯಲ್ಲಿರುವ ಎಂಎಂ540 ಜೀಪಿನ ಚಾಸಿ ತಂದು, ಉದ್ದ ಕತ್ತರಿಸಿ, ಅದರ ಮೇಲೆ ಈ ಬಾಡಿ ಕೂರಿಸಿಕೊಡುತ್ತೇನೆ ಎಂದಿದ್ದಾರೆ. ಮೇಲೆ ಇಬ್ಬರು ಧೈರ್ಯವಾಗಿ ಮಾಡಿಸಿ ಅಂತ ಬರೆದಿದ್ದಾರೆ.

ನನ್ನ ಉತ್ತರ: ಗುಜರಿ ಜೀಪ್ ಕೊಳ್ಳಿ, ಆದರೆ ನಿಮ್ಮ ಚಾಸಿ ಬಿಸಾಡಬೇಡಿ. ಗುಜರಿ ಜೀಪಿನಿಂದ ಬೇಕಾದ ತುಂಡು ಮತ್ತು ಪಾರ್ಟ್ಸ್ ತೆಗೆದು ನಿಮ್ಮ ಚಾಸಿಯನ್ನೇ ಉಳಿಸಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾಗದದ ವಿಷಯ. ಬೋರು ಹೊಡೆಸುತ್ತದೆ, ಆದರೂ ಇದು ಮೊದಲು ಮುಗಿಯಬೇಕು. ಆರ್‌ಟಿಓ ಲೆಕ್ಕದಲ್ಲಿ ಗಾಡಿ ಅಂದರೆ ಚಾಸಿ ಮತ್ತು ಅದರ ಮೇಲೆ ಕೊರೆದ ನಂಬರ್. ಎಂಎಂ540 ಚಾಸಿ ಮೇಲೆ ನಿಮ್ಮ ಬಾಡಿ ಕೂತ ದಿನ ಅದು ತಾತನ ಜೀಪ್ ಆಗಿ ಉಳಿಯುವುದಿಲ್ಲ. ಕಾಗದದ ಪ್ರಕಾರ ಅದು ಬೇರೆ ಯಾರದೋ ಎಂಎಂ540. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯವರು ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ತಪ್ಪುವ ಹಾಗೆ ಮಾಲೀಕರು ಗಾಡಿಯಲ್ಲಿ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ.

ಇನ್ನೊಂದು 'ಐಡಿಯಾ' ಯಾರಾದರೂ ಕೊಟ್ಟೇ ಕೊಡುತ್ತಾರೆ. ನಿಮ್ಮ ಚಾಸಿಯಲ್ಲಿ ನಂಬರ್ ಇರುವ ತುಂಡನ್ನು ಕತ್ತರಿಸಿ ಹೊಸ ಚಾಸಿಗೆ ಬೆಸೆಯುವುದು, ಅಥವಾ ಅದೇ ನಂಬರನ್ನು ಹೊಸದಾಗಿ ಪಂಚ್ ಮಾಡುವುದು. ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ಅದು ಕದ್ದ ಗಾಡಿಗೆ ಮಾಡುವ ಕೆಲಸ. ಬ್ರೇಕ್ ಇನ್‌ಸ್ಪೆಕ್ಟರ್ ನಂಬರಿನ ಸುತ್ತ ಬೆಸುಗೆ ಗುರುತು ನೋಡಿದರೆ ನಿಮ್ಮ ತಾತನ ಕಥೆ ಕೇಳಲು ಕೂರುವುದಿಲ್ಲ. ನಾಳೆ ಅಪಘಾತ ಏನಾದರೂ ಆದರೆ ಇನ್ಶೂರೆನ್ಸಿನವರೂ ಕೇಳುವುದಿಲ್ಲ.

ಆದ್ದರಿಂದ ಇವತ್ತೇ ಒಂದು ಕೆಲಸ ಮಾಡಿ. ರೈಲಿನ (ಚಾಸಿಯ ಎರಡು ಪಕ್ಕದ ಉದ್ದನೆಯ ತೊಲೆಗೆ ರೈಲು ಎನ್ನುತ್ತೇವೆ) ಮುಂದಿನ ಭಾಗವನ್ನು ವೈರ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಚಾಸಿ ನಂಬರ್ ಹುಡುಕಿ. ಗ್ರೈಂಡರ್ ಬೇಡ, ಅಕ್ಷರ ಸವೆದು ಹೋಗುತ್ತದೆ. ಸಿಕ್ಕ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಹಳೇ ಆರ್‌ಸಿ ಪುಸ್ತಕದಲ್ಲಿ ಇರುವುದಕ್ಕೆ ಒಂದೊಂದೇ ಅಂಕಿ ಹೋಲಿಸಿ. ಎಂಜಿನ್ ನಂಬರನ್ನೂ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನೂ ನೋಡಿ. ಮಲೆನಾಡಿನ ಎಷ್ಟೋ ಸಿಜೆ3ಬಿಗಳಲ್ಲಿ ಪೆಟ್ರೋಲ್ ಎಂಜಿನ್ ಎತ್ತಿ ಡೀಸೆಲ್ ಕೂರಿಸಿದ್ದಾರೆ, ಪುಸ್ತಕದಲ್ಲಿ ಮಾತ್ರ ಇನ್ನೂ ಪೆಟ್ರೋಲ್. ಕೊನೇ ಸಲ ರಿನ್ಯೂವಲ್ ಯಾವಾಗ ಆಗಿದೆ? 15 ವರ್ಷ ದಾಟಿದ ಸ್ವಂತ ಗಾಡಿಗೆ 5 ವರ್ಷಕ್ಕೊಮ್ಮೆ ಫಾರಂ 25ರಲ್ಲಿ ಅರ್ಜಿ ಹಾಕಬೇಕು. ಇಷ್ಟು ಹಳೇ ಗಾಡಿಯ ದಾಖಲೆ ಕಂಪ್ಯೂಟರಿಗೆ ಏರಿರದೆಯೂ ಇರಬಹುದು. ಮೊದಲೇ ಕಚೇರಿಗೆ ಹೋಗಿ ಕೇಳಿ. ನಂಬರ್ ಇರುವ ಜಾಗವೇ ತುಕ್ಕು ತಿಂದು ಓದಲು ಬರದಿದ್ದರೆ ಅದನ್ನು ಮುಟ್ಟಬೇಡಿ, ಬರವಣಿಗೆಯಲ್ಲಿ ತಿಳಿಸಿ ಅವರು ಹೇಳಿದ ಹಾಗೆ ಮಾಡಿ.

ನಿಮ್ಮ ಜೀಪಿಗೆ 50 ವರ್ಷ ದಾಟಿದೆ ಅಲ್ವಾ, 2021ರಲ್ಲಿ ಬಂದ ವಿಂಟೇಜ್ ನಿಯಮವೂ ಅನ್ವಯಿಸುತ್ತದೆ. ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಆ ನೋಂದಣಿಯಲ್ಲಿ ದಿನಾ ಓಡಿಸುವ ಹಾಗೂ ಇಲ್ಲ. ತೋಟದ ಕೆಲಸಕ್ಕೆ ಬೇಕು ಅಂದಿದ್ದೀರಿ, ಹಾಗಾಗಿ ಅದು ನಿಮಗಲ್ಲ. ಆದರೂ ಬೇರೆ ಚಾಸಿ ಹಾಕಿದರೆ ಆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ ಎಂಬುದು ಗೊತ್ತಿರಲಿ.

ಈಗ ಅಳತೆಗೆ ಬರೋಣ. ಸಿಜೆ3ಬಿ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 80 ಇಂಚು. ಎಂಎಂ540 ವೀಲ್‌ಬೇಸ್ 91 ಇಂಚು. ಮೆಕ್ಯಾನಿಕ್ ಕತ್ತರಿಸುತ್ತೇನೆ ಅಂದದ್ದು ಈ 11 ಇಂಚು. ಎರಡೂ ರೈಲುಗಳನ್ನು ಅಡ್ಡಕ್ಕೆ ಕತ್ತರಿಸಿ ಕೂಡಿಸುವುದು ಅಂದರೆ ಇಡೀ ಜೀಪಿನ ಭಾರ ಆ ಎರಡು ಬೆಸುಗೆ ಗೆರೆಗಳ ಮೇಲೆ. ತೋಟದ ಹಳ್ಳದ ದಾರಿಯಲ್ಲಿ ಒಂದು ಚಕ್ರ ಗುಂಡಿಗೆ, ಇನ್ನೊಂದು ದಿಬ್ಬಕ್ಕೆ ಹೋದಾಗ ಚಾಸಿ ತಿರುಚಿಕೊಳ್ಳುತ್ತದೆ. ಬಿರುಕು ಬಿಡುವುದು ಅಲ್ಲೇ. ಕೆಲಸ ಅಲ್ಲಿಗೆ ಮುಗಿಯುವುದೂ ಇಲ್ಲ. ಪ್ರೊಪೆಲ್ಲರ್ ಶಾಫ್ಟ್ (ಚಕ್ರದ ಕಡೆಗೆ ಶಕ್ತಿ ಒಯ್ಯುವ ತಿರುಗುವ ದಂಡ) ಕತ್ತರಿಸಬೇಕು, ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಬದಲಾಯಿಸಬೇಕು, ಬಾಡಿ ಕೂರುವ ಬ್ರಾಕೆಟ್ ಒಂದೊಂದನ್ನೂ ಜಾಗ ಬದಲಿಸಿ ಬೆಸೆಯಬೇಕು. ಚಕ್ರದ 5 ಬೋಲ್ಟ್ ಎರಡಕ್ಕೂ ಒಂದೇ ಅಳತೆ ಎನ್ನುವುದನ್ನು ನೋಡಿ ಎಲ್ಲವೂ ಕೂರುತ್ತದೆ ಅಂದುಕೊಳ್ಳುತ್ತಾರೆ. ಚಕ್ರ ಕೂರುತ್ತದೆ, ಅಷ್ಟೇ.

ಯಾವ ಚಾಸಿ ಆದರೂ ಸೊಟ್ಟ ಇದೆಯೇ ಎಂದು ನೋಡುವ ದಾರಿ ಸುಲಭ. ಕಾಫಿ ಕಣದ ಸಿಮೆಂಟ್ ನೆಲ ಇದೆಯಲ್ಲ, ಅದರ ಮೇಲೆ ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ಕೂರಿಸಿ. ಪಾಟಾ (ಲೀಫ್ ಸ್ಪ್ರಿಂಗ್) ಕೂರುವ ಹ್ಯಾಂಗರ್ ತೂತುಗಳಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಚಾಕ್ ಗುರುತು ಹಾಕಿ. ಆಮೇಲೆ ಚಾಸಿ ಪಕ್ಕಕ್ಕೆ ಸರಿಸಿ, ಗುರುತುಗಳನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣಗಳ ವ್ಯತ್ಯಾಸ 5-6 ಮಿ.ಮೀ. ಒಳಗಿದ್ದರೆ ಕೆಲಸ ಮಾಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಪ್ರೆಸ್ ಇರುವವರ ಹತ್ತಿರ ನೇರ ಮಾಡಿಸಿದ ಮೇಲೆಯೇ ಮುಂದಿನ ಕೆಲಸ. ಗುಜರಿ ಜೀಪ್ ನೋಡಲು ಹೋಗುವಾಗಲೂ ಟೇಪು, ದಾರ, ತೂಗುಗುಂಡು ಜೇಬಿನಲ್ಲಿರಲಿ. ಪಲ್ಟಿ ಹೊಡೆದ ಗಾಡಿಗಳೇ ಗುಜರಿಗೆ ಬರುವುದು ಜಾಸ್ತಿ.

ನಿಮ್ಮ ಚಾಸಿಯ ತುಕ್ಕು ಎಷ್ಟು ಆಳ ಎಂಬುದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಸಣ್ಣ ಸುತ್ತಿಗೆಯಿಂದ ರೈಲಿನ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಇರುವಲ್ಲಿ ಠಣ್ ಅನ್ನುತ್ತದೆ, ತಿಂದು ಹೋದಲ್ಲಿ ಮಂದ ಸದ್ದು. ಅನುಮಾನ ಬಂದಲ್ಲಿ ಹಳೇ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಹಿಂದಿನ ಕ್ರಾಸ್ ಮೆಂಬರ್ (ಎರಡು ರೈಲು ಕೂಡಿಸುವ ಅಡ್ಡ ತೊಲೆ), ಪಾಟಾ ತುದಿ ನೇತಾಡುವ ಶಾಕಲ್ ಹ್ಯಾಂಗರ್‌ಗಳ ಬುಡ, ಒಂದರ ಮೇಲೊಂದು ಪಟ್ಟಿ ಕೂಡಿಸಿದ ಜಾಗ, ಬಾಡಿ ಬ್ರಾಕೆಟ್ಟಿನ ಒಳಗಡೆ, ಇವನ್ನು ಬಿಡಬೇಡಿ. ಕೆಸರು ಕೂತು ಹಸಿ ಆರದೆ ಇರುವುದು ಇಲ್ಲೇ.

ಹಿಂದುಗಡೆಯೇ ಯಾಕೆ ಇಷ್ಟು ತಿಂದಿದೆ ಎಂದು ಕೇಳಿದ್ದೀರಿ. ಮಳೆ ಒಂದು ಕಾರಣ. ಇನ್ನೊಂದು, ಜೀಪಿನ ಹಿಂದೆ ನಾವು ಹೊತ್ತ ಸಾಮಾನು. ಪೊಟ್ಯಾಷ್ ಗೊಬ್ಬರ ಎಂದರೆ ಒಂದು ಬಗೆಯ ಉಪ್ಪೇ. ಮೂಟೆ ಹರಿದು ಬಿದ್ದದ್ದು ಬಾಡಿ ಸಂದಿಯಿಂದ ಚಾಸಿಗೆ ಇಳಿಯುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಸಿಂಪರಣೆ ದ್ರಾವಣ) ಸರಿಯಾಗಿದೆಯೇ ಎಂದು ಚಾಕು ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ಹೋಗುತ್ತದೆ. ಡ್ರಮ್ಮಿನಿಂದ ಮೈಲುತುತ್ತದ ನೀರು ತುಳುಕಿದಾಗೆಲ್ಲ ನಿಮ್ಮ ಕ್ರಾಸ್ ಮೆಂಬರಿಗೆ ಆಗಿರುವುದೂ ಅದೇ. ಮುಂದೆ ಡ್ರಮ್ಮನ್ನು ಟ್ರೈಲರಿನಲ್ಲಿ ಹಾಕಿ.

ಬಡಿದು ನೋಡಿದ ಮೇಲೆ ಹಿಂದಿನ ಎರಡು ಅಡಿ ಮತ್ತು ಕ್ರಾಸ್ ಮೆಂಬರ್ ಮಾತ್ರ ಹಾಳಾಗಿದ್ದರೆ ಇದು ರಿಪೇರಿ ಕೆಲಸ. ವೀಲ್‌ಬೇಸ್ ಬದಲಾಗುವುದಿಲ್ಲ, ನಂಬರ್ ಇರುವ ಜಾಗ ಮುಟ್ಟುವುದಿಲ್ಲ. ಇಲ್ಲೇ ಗುಜರಿ ಜೀಪ್ ಉಪಯೋಗಕ್ಕೆ ಬರುವುದು. ಅದರ ರೈಲಿನ ಎತ್ತರ, ಅಗಲ, ದಪ್ಪ ನಿಮ್ಮದಕ್ಕೆ ತಾಳೆಯಾಗುತ್ತದೆಯೇ ಎಂದು ಕ್ಯಾಲಿಪರ್ ಹಿಡಿದು ನೋಡಿ. ತಾಳೆಯಾದರೆ ಅದರಿಂದ ತುಂಡು ತೆಗೆಯಿರಿ. ಆಗದಿದ್ದರೆ ಅದೇ ದಪ್ಪದ ಪ್ಲೇಟನ್ನು ಬೆಂಡಿಂಗ್ ಮಷೀನ್ ಇರುವಲ್ಲಿ ಸಿ ಆಕಾರಕ್ಕೆ ಮಡಚಿಸಿ. ಜಾಸ್ತಿ ದಪ್ಪದ ಪ್ಲೇಟ್ ಹಾಕಿದರೆ ಜಾಸ್ತಿ ಗಟ್ಟಿ ಎಂಬ ನಂಬಿಕೆ ಇದೆ. ದಪ್ಪ ಮುಗಿದು ತೆಳು ಶುರುವಾಗುವ ಕಡೆಯೇ ಸೀಳುತ್ತದೆ. ಹಾಗೇ ಇಡೀ ಚಾಸಿ ಮುಂದಿನವರೆಗೂ ಜರಡಿಯಾಗಿದ್ದರೆ, ಸಿಜೆ3ಬಿಯದೇ ಚಾಸಿ, ಜೀವಂತ ಆರ್‌ಸಿ ಸಮೇತ ಹುಡುಕಿ, ನಿಮ್ಮ ಹೆಸರಿಗೆ ಮಾಡಿಸಿಕೊಂಡು ಅದರ ನಂಬರಿನಲ್ಲೇ ಓಡಿಸಿ. ತಾತನ ನಂಬರ್ ಹೋಗುತ್ತದೆ. ಬೇಜಾರೇ, ಆದರೆ ಪೊಲೀಸರು ನಿಲ್ಲಿಸಿದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಬಿಚ್ಚುವಾಗ ಮೊದಲು ಬ್ಯಾಟರಿ, ಆಮೇಲೆ ಪೆಟ್ರೋಲ್ ಟ್ಯಾಂಕ್. ಈ ಜೀಪಿನಲ್ಲಿ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ಎಷ್ಟೋ ವರ್ಷದಿಂದ ಖಾಲಿ ಎಂದು ಅಲ್ಲೇ ಬಿಟ್ಟು ವೆಲ್ಡಿಂಗ್ ಮಾಡಬೇಡಿ. ಒಳಗಿನ ಆವಿ ಸಾಕು. ಟ್ಯಾಂಕನ್ನು ಶೆಡ್ಡಿನಿಂದ ಹೊರಗೆ ಇಡಿ. ಹಳೇ ಬ್ರೇಕ್ ಲೈನರ್ ಪುಡಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಗಾಳಿ ಹೊಡೆಯದೆ ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಎಡಗಡೆ ಚಕ್ರದ ಸ್ಟಡ್ ಮೇಲೆ ಎಲ್ ಗುರುತು ಇದೆಯೇ ನೋಡಿ. ಹಳೇ ಜೀಪುಗಳಲ್ಲಿ ಆ ಕಡೆ ಉಲ್ಟಾ ಥ್ರೆಡ್, ಗೊತ್ತಿಲ್ಲದೆ ಪೈಪ್ ಹಾಕಿ ತಿರುಗಿಸಿ ಸ್ಟಡ್ ಮುರಿಯುವವರು ಬಹಳ. ಬಿಚ್ಚಿದ ಪ್ರತಿ ಬೋಲ್ಟನ್ನೂ ಡಬ್ಬಿಗೆ ಹಾಕಿ ಮೇಲೆ ಚೀಟಿ ಅಂಟಿಸಿ. ಫೋಟೋ ಮಾತ್ರ ಸಾಲುವುದಿಲ್ಲ.

ಬೆಸುಗೆಗೆ ಒಳ್ಳೆಯ ಕೈ ಬೇಕು. ಗೇಟ್, ಗ್ರಿಲ್ ಮಾಡುವವರಿಗೆ ಕೊಡಬೇಡಿ, ಲಾರಿ ಚಾಸಿ ಕೆಲಸ ಮಾಡುವವರನ್ನು ಹಿಡಿಯಿರಿ. ರೈಲನ್ನು ನೇರ ಅಡ್ಡಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸಿ. ಕೂಡಿಸಿದ ಜಾಗಕ್ಕೆ ಒಳಗಿನಿಂದ ಒಂದು ಪ್ಲೇಟ್ ಕೊಡಿ, ಅದರ ಎರಡು ತುದಿಯೂ ಚೂಪಾಗಿ ಓರೆಯಾಗಿರಲಿ. ಮೇಲಿನ ಕೆಳಗಿನ ಮಡಿಕೆಗಳ ಅಂಚಿಗೆ ಅಡ್ಡಲಾಗಿ ಬೆಸುಗೆ ಎಳೆಯಬಾರದು, ಅಲ್ಲಿ ತೂತು ಕೊರೆಯಲೂಬಾರದು. ಎಳೆತ ಎಲ್ಲ ಅಲ್ಲೇ. ಆರ್ಕ್ ವೆಲ್ಡಿಂಗ್ ಆದರೆ 7018 ರಾಡ್ ಕೇಳಿ. ಆ ರಾಡ್ ಒಣಗಿರಬೇಕು. ನಮ್ಮ ಮಳೆಗಾಲದ ಹವೆಯಲ್ಲಿ ಬಿಚ್ಚಿಟ್ಟ ಪ್ಯಾಕೆಟ್ ತೇವ ಎಳೆದಿರುತ್ತದೆ, ಆ ರಾಡಿನಿಂದ ಹಾಕಿದ ಬೆಸುಗೆ ಹೊರಗೆ ಚಂದ, ಒಳಗೆ ಬಿರುಕು. ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕಿ, ಕರ್ಣ ಇನ್ನೊಮ್ಮೆ ಅಳೆದು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಸ್ವಲ್ಪ ಸ್ವಲ್ಪ ಬೆಸೆಯಲಿ. ಒಂದೇ ಕಡೆ ಎಳೆದರೆ ಬಿಸಿಗೆ ಚಾಸಿ ಎಳೆದುಕೊಳ್ಳುತ್ತದೆ.

ತುಕ್ಕು ತೆಗೆಯಲು ಚಾಸಿಗೆ ಬ್ಲಾಸ್ಟಿಂಗ್ (ಗಾಳಿಯ ರಭಸಕ್ಕೆ ಮರಳಿನಂಥ ಕಾಳು ಹೊಡೆಯುವುದು) ಒಳ್ಳೆಯದು. ಬಾಡಿ ತಗಡಿಗೆ ಹುಷಾರು, ಜೋರಾಗಿ ಹೊಡೆದರೆ ಅಲೆ ಅಲೆ ಏಳುತ್ತದೆ. ಬ್ಲಾಸ್ಟ್ ಮಾಡಿದ ದಿನವೇ ಪ್ರೈಮರ್ ಬೀಳಬೇಕು, ಮಲೆನಾಡಿನ ತೇವಕ್ಕೆ ರಾತ್ರಿ ಕಳೆಯುವಷ್ಟರಲ್ಲಿ ಕಂದು ಬಣ್ಣ ಬಂದಿರುತ್ತದೆ. ಈ ಕೆಲಸ ಫೆಬ್ರವರಿ, ಮಾರ್ಚಿಗೆ ಇಟ್ಟುಕೊಳ್ಳಿ. ಬರೀ ರೆಡ್ ಆಕ್ಸೈಡ್ ಹೊಡೆದು ಬಿಡಬೇಡಿ, ಎರಡು ಡಬ್ಬಿ ಕಲಸುವ ಎಪಾಕ್ಸಿ ಪ್ರೈಮರ್ ಹಾಕಿಸಿ. ಕರಿ ಅಂಡರ್‌ಕೋಟ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಉಳಿದ ತುಕ್ಕಿನ ಮೇಲೆ ಹೊಡೆದರೆ ಅದು ಒಳಗೊಳಗೇ ಬೆಳೆಯುತ್ತದೆ, ನಿಮಗೆ ಕಾಣುವುದೂ ಇಲ್ಲ. ಹಳೇ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ತುಕ್ಕಿಗೆ ಸ್ವಲ್ಪ ತಡೆ ಹೌದು, ಆದರೆ ರಬ್ಬರ್ ಬುಷ್‌ಗಳನ್ನು ಹಾಳು ಮಾಡುತ್ತದೆ. ರೈಲಿನ ಒಳಮೈಗೆ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ, ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ.

ಗುಜರಿ ಜೀಪಿನಿಂದ ಇನ್ನೇನು ತೆಗೆಯಬಹುದು? ಸವೆದಿರದ ಸ್ಟೀರಿಂಗ್ ಭಾಗಗಳು, ಶಾಕಲ್, ಬ್ರಾಕೆಟ್, ಬಂಪರ್, ಟೋ ಹುಕ್, ರೇಡಿಯೇಟರ್, ಒಳ್ಳೆಯ ರಿಮ್‌ಗಳು, ಹಾಗೂ ನಿಮ್ಮದಕ್ಕೆ ಕೂರುವ ಬೋಲ್ಟುಗಳು. ಆಕ್ಸಲ್ ಹೌಸಿಂಗ್ ತೆಗೆಯುವ ಆಸೆ ಇದ್ದರೆ ಅಗಲ, ಪಾಟಾ ಕೂರುವ ಪ್ಯಾಡ್‌ಗಳ ನಡುವಿನ ದೂರ, ಕ್ರೌನ್ ಪಿನಿಯನ್ (ಅದರೊಳಗಿನ ಗೇರ್ ಜೋಡಿ) ರೇಶಿಯೋ ಮೂರೂ ನೋಡಿ. ಸಿಜೆ3ಬಿಯ ಹಿಂದಿನ ಡಿಫರೆನ್ಷಿಯಲ್ (ಆ ಗೇರ್ ಜೋಡಿ ಇರುವ ಉಬ್ಬಿದ ಭಾಗ) ನಡುವಿನಲ್ಲಿ ಇಲ್ಲ, ಪಕ್ಕಕ್ಕಿದೆ. ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಔಟ್‌ಪುಟ್ ಆ ಕಡೆಗೇ ಬರುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ರೇಶಿಯೋ ಬೇರೆಯಾದರೆ ಫೋರ್ ವೀಲ್ ಹಾಕಿದಾಗ ಗೇರ್‌ಗಳು ಒಂದಕ್ಕೊಂದು ಜಗ್ಗಾಡಿ ಮುರಿಯುತ್ತವೆ. ಅದರ ಪೆಜೋ 2112 ಸಿಸಿ ಡೀಸೆಲ್ ಎಂಜಿನ್ ಮೇಲೆ ಕಣ್ಣು ಬಿದ್ದಿರಬಹುದು. ಮೊದಲು ಆರ್‌ಟಿಓ ಅನುಮತಿ, ಆಮೇಲೆ ಎಂಜಿನ್. ಬ್ರೇಕ್ ಪೈಪ್, ಹೋಸ್, ವೀಲ್ ಸಿಲಿಂಡರ್ ಮಾತ್ರ ಗುಜರಿಯದು ಬೇಡವೇ ಬೇಡ, ಎಲ್ಲವೂ ಹೊಸದು. ಜೋಡಿಸುವಾಗ ಪಾಟಾ ಬುಷ್ ಬೋಲ್ಟುಗಳನ್ನು ಸಡಿಲ ಬಿಟ್ಟು, ಜೀಪ್ ತನ್ನ ಚಕ್ರದ ಮೇಲೆ ನಿಂತು ಭಾರ ಬಿದ್ದ ಮೇಲೆ ಬಿಗಿ ಮಾಡಿ.

ಸದ್ಯಕ್ಕೆ ಗುಜರಿಗೆ ಅಡ್ವಾನ್ಸ್ ಕೊಡಬೇಡಿ. ಹಿಂದಿನ ಕ್ರಾಸ್ ಮೆಂಬರನ್ನು ಕೆಳಗಿನಿಂದ ಬ್ರಷ್ ಮಾಡಿ ಎರಡು ಫೋಟೋ, ಎರಡೂ ಶಾಕಲ್ ಹ್ಯಾಂಗರ್‌ಗಳ ಹತ್ತಿರದ ಫೋಟೋ, ಕರ್ಣದ ಅಳತೆ, ರೈಲಿನ ಎತ್ತರ, ಅಗಲ, ದಪ್ಪ ಇಲ್ಲಿ ಹಾಕಿ. ಆರ್‌ಸಿ ಮತ್ತು ನಂಬರುಗಳ ಫೋಟೋ ಮಾತ್ರ ಗುಂಪಿಗೆ ಹಾಕಬೇಡಿ. ಅಳತೆ ಬಂದ ಮೇಲೆ ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಗೆರೆ ಹಾಕಿ ಕಳಿಸುತ್ತೇನೆ.