ಕುಮಾರಪರ್ವತ ಹತ್ತಿದವರಿಗೆ 978 ಮೀಟರ್ ಎಂತ ಲೆಕ್ಕ?

ಪ್ರಶ್ನೆ: ನಾವು ಮಣಿಪಾಲದ ನಾಲ್ಕು ಜನ ಫ್ರೆಂಡ್ಸ್. ಕುದುರೆಮುಖ, ಕುಮಾರಪರ್ವತ ಎಲ್ಲ ಹತ್ತಿ ಆಗಿದೆ. ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿರುವ ತಮ್ಮನ ಮನೆಗೆ ಹೋಗ್ಲಿಕ್ಕುಂಟು. ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ ಬರೀ 978 ಮೀಟರ್ ಅಂತೆ, ನಮಗೆ ಅರ್ಧ ದಿನದ ಕೆಲಸ ಅಲ್ವಾ? (ಮಣಿಪಾಲದ ಓದುಗರು)

ಉತ್ತರ: ಅರ್ಧ ದಿನ ಅಲ್ಲ ಮಾರಾಯ್ರೇ, ಇಡೀ ದಿನ ಇಟ್ಕೊಳ್ಳಿ. ಆ ಬೆಟ್ಟ ಇರುವ ಲೇಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡ, ಕೆರೆಗಳ ಸೀಮೆಯಲ್ಲಿ ಸೀತ್‌ವೇಟ್ ಅಂತ ಒಂದು ಪುಟ್ಟ ಜಾಗ ಉಂಟು, ಅಲ್ಲಿಂದ ಹೊರಟ್ರೆ ತುದಿಗೆ ಸುಮಾರು ಏಳು ಕಿಲೋಮೀಟರ್, ಏರುವುದು ಹೆಚ್ಚು ಕಡಿಮೆ 850 ಮೀಟರ್. ಅಲ್ಲಿಯವರದ್ದು ಒಂದು ಹಳೇ ಲೆಕ್ಕ ಉಂಟು, ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ನೋಡಿದ್ರೆ ಹತ್ತಲಿಕ್ಕೇ ಮೂರು ಗಂಟೆ ಹತ್ರ ಆಯ್ತು, ಅದೂ ಎಲ್ಲೂ ಕೂರದೆ.

ಆದ್ರೆ ನನಗೆ ಹೆದರಿಕೆ ಎತ್ತರದ್ದಲ್ಲ, ಮಳೆದ್ದು. ನಾವು ಕರಾವಳಿಯವರು, ಮಳೆಗೆ ಹೆದರುವುದುಂಟಾ ಅಂತ ನಮಗೆಲ್ಲ ಒಂದು ಧೈರ್ಯ. ಇಂಗ್ಲೆಂಡಿನಲ್ಲಿ ಜನ ವಾಸ ಇರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಇದೇ ಸೀತ್‌ವೇಟ್‌ನಲ್ಲಿ, ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ, ಅಂದ್ರೆ ನಮ್ಮ ಮಂಗಳೂರಿನ ಹತ್ತಿರ ಹತ್ತಿರವೇ. ಆದ್ರೆ ನಮ್ಮದು ನಾಲ್ಕು ತಿಂಗಳ ಬೆಚ್ಚಗಿನ ಮಳೆ, ನೆನೆದು ಬಂದು ತಲೆ ಒರೆಸಿ ಒಂದು ಕಷಾಯ ಕುಡಿದ್ರೆ ಮುಗೀತು. ಅಲ್ಲಿಯದ್ದು ವರ್ಷವಿಡೀ ಬರುವ ತಣ್ಣನೆ ಮಳೆ, ಜೊತೆಗೆ ಗಾಳಿ, ಒದ್ದೆ ಮೈಯಿಂದ ಬಿಸಿಯನ್ನೆಲ್ಲ ಎಳ್ಕೊಂಡು ಹೋಗ್ತದೆ.

ನಾನು ಮೊದಲ ಸಲ ಜೀನ್ಸ್ ಹಾಕ್ಕೊಂಡು ಹೋಗಿದ್ದೆ. ಮೇಲೆ ಮುಟ್ಟುವಷ್ಟರಲ್ಲಿ ಪ್ಯಾಂಟು ನೀರು ಕುಡಿದು ಸೊಂಟದಿಂದ ಜಾರುವಷ್ಟು ಭಾರ, ಬೆರಳು ಮರಗಟ್ಟಿ ಜಾಕೆಟಿನ ಜಿಪ್ ಹಿಡಿಲಿಕ್ಕೇ ಆಗ್ಲಿಲ್ಲ, ಕೊನೆಗೆ ಹಲ್ಲಲ್ಲಿ ಕಚ್ಚಿ ಎಳೆದದ್ದು. ತುದಿ ಅಂದ್ರೆ ಅಲ್ಲಿ ಹುಲ್ಲುಗಾವಲಲ್ಲ, ಬರೀ ಕಲ್ಲಿನ ರಾಶಿ, ಅದರ ಮೇಲೆ ದಾರಿ ಕಾಣೂದಿಲ್ಲ, ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆ ನೋಡಿ ನಡಿಬೇಕು. ಮೋಡ ಮುಸುಕಿತು, ಒಂದು ಗುಪ್ಪೆಯಿಂದ ಇನ್ನೊಂದು ಗುಪ್ಪೆಗೆ ಹೋಗ್ತಾ ಹೋಗ್ತಾ ನಾನು ಇಳಿದದ್ದು ಗುಡ್ಡದ ಆಚೆ ಬದಿಗೆ, ವಾಸ್‌ಡೇಲ್‌ಗೆ. ಹಾಗೆ ಆಚೆ ಇಳಿದು ಸಿಕ್ಕಿಬೀಳುವವರು ತುಂಬ ಜನ. ವಾಪಸ್ ಬರ್ಲಿಕ್ಕೆ ರಸ್ತೆಯಲ್ಲಾದ್ರೆ ಇಡೀ ಬೆಟ್ಟದ ಸಾಲನ್ನೇ ಸುತ್ತಿ ಬರ್ಬೇಕು. ಅವತ್ತಿಂದ ದಿಕ್ಸೂಚಿ ಇಲ್ಲದೆ ಹೋಗಿಲ್ಲ. ಅಲ್ಲಿನ ಸರಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ಕವರಿನ 1:25,000 ಮ್ಯಾಪ್ ತಗೊಳ್ಳಿ, ಗೋಡೆ, ಬೇಲಿ, ಸಣ್ಣ ತೋಡು ಕೂಡ ಅದರಲ್ಲಿ ಉಂಟು. ಮೊಬೈಲ್ ಮ್ಯಾಪ್ ಇರಲಿ, ಆದ್ರೆ ಚಳಿಗೆ ಬ್ಯಾಟರಿ ಬೇಗ ಕೂತ್ಕೊಳ್ತದೆ. ಜೀನ್ಸ್, ಕಾಟನ್ ಬನಿಯನ್ ಬೇಡವೇ ಬೇಡ.

ಮತ್ತೆ, ಮೊದಲ ದಿನವೇ ಸ್ಕಾಫೆಲ್ ಪೈಕ್‌ಗೆ ಹೋಗ್ಬೇಡಿ. ಮ್ಯಾಂಚೆಸ್ಟರ್‌ನಿಂದ ರೈಲಲ್ಲಿ ಒಂದು ಗಂಟೆಯೊಳಗೆ ಈಡೇಲ್ ಸಿಗ್ತದೆ, 431 ಕಿಲೋಮೀಟರಿನ ಪೆನೈನ್ ವೇ ಅನ್ನುವ ಉದ್ದದ ಕಾಲ್ದಾರಿ ಶುರುವಾಗುವುದೇ ಅಲ್ಲಿಂದ. ಅಲ್ಲಿ 517 ಮೀಟರಿನ ಮಾಮ್ ಟೋರ್, ಇಲ್ಲವೇ 636 ಮೀಟರಿನ ಕಿಂಡರ್ ಸ್ಕೌಟ್ ಹತ್ತಿ ಗಾಳಿ ಹೇಗುಂಟು ಅಂತ ನೋಡಿ. ಸ್ಕಾಫೆಲ್ ಪೈಕ್ ದಿನ ಮೋಡ ಇಳಿದಿದ್ರೆ ಕೆಸ್ವಿಕ್‌ನಿಂದ ಬೋಟಲ್ಲಿ ಕೆರೆ ದಾಟಿ 451 ಮೀಟರಿನ ಕ್ಯಾಟ್‌ಬೆಲ್ಸ್ ಹತ್ತಿ, ಏನೂ ಕಡಿಮೆ ಆಗೂದಿಲ್ಲ. ಅಕಸ್ಮಾತ್ ಸಿಕ್ಕಿಬಿದ್ರೆ 999ಕ್ಕೆ ಫೋನ್ ಮಾಡಿ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬರುವವರೆಲ್ಲ ವಾಲಂಟಿಯರ್‌ಗಳು, ದುಡ್ಡು ತಗೊಳ್ಳುವುದಿಲ್ಲ. ನೆಟ್‌ವರ್ಕ್ ಇಲ್ಲದಿದ್ರೆ ಒಂದು ನಿಮಿಷದಲ್ಲಿ ಆರು ಸಲ ವಿಸಿಲ್ ಊದಿ, ಒಂದು ನಿಮಿಷ ಬಿಟ್ಟು ಪುನಃ ಆರು.

ಪ್ರಶ್ನೆ: ಅಲ್ಲಿ ಬೇರೆಯವರ ಗದ್ದೆ, ಕುರಿ ಮೇಯುವ ಜಾಗದ ಒಳಗಿಂದಲೇ ನಡೀತಾರಂತೆ, ಯಾರೂ ಬೈಯೂದಿಲ್ವಾ? ಪರ್ಮಿಷನ್ ಬೇಕಾ? (ಕಾಪುವಿನ ಓದುಗರು)

ಉತ್ತರ: ಬೇಡ. ಕುದುರೆಮುಖಕ್ಕೆ ಅರಣ್ಯ ಇಲಾಖೆಯಲ್ಲಿ ಬುಕ್ ಮಾಡಿದ ಹಾಗೆ ಅಲ್ಲಿಲ್ಲ. ಹಳದಿ ಬಾಣದ ಗುರುತು ಇದ್ರೆ ಅದು ಸಾರ್ವಜನಿಕ ಕಾಲ್ದಾರಿ, ಜಾಗ ಯಾರದ್ದಾದ್ರೂ ನಡಿಲಿಕ್ಕೆ ಹಕ್ಕುಂಟು. ನಮ್ಮ ಗದ್ದೆಯ ಕಟ್ಟಪುಣಿಯಲ್ಲಿ ಊರಿನವರೆಲ್ಲ ನಡಿತಿದ್ರಲ್ಲ, ಹಾಗೇ, ಆದ್ರೆ ಅಲ್ಲಿ ಅದಕ್ಕೆ ಕಾನೂನೇ ಉಂಟು. ಇದು ಸುಮ್ಮನೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು, ಆಗ ಖಾಸಗಿಯವರ ಕೈಯಲ್ಲಿದ್ದ ಕಿಂಡರ್ ಸ್ಕೌಟ್‌ಗೆ ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ಕೆಲಸಗಾರ ಹುಡುಗರು, ಬೇಕಂತಲೇ ನುಗ್ಗಿದ್ರು, ಐದು ಜನ ಜೈಲಿಗೂ ಹೋದ್ರು. 1951ರಲ್ಲಿ ಕಿಂಡರ್ ಸ್ಕೌಟ್ ಇರುವ ಪೀಕ್ ಡಿಸ್ಟ್ರಿಕ್ಟ್ ಸೀಮೆಯೇ ದೇಶದ ಮೊದಲ ನ್ಯಾಷನಲ್ ಪಾರ್ಕ್ ಆಯ್ತು, ತೆರೆದ ಗುಡ್ಡಗಳಲ್ಲಿ ದಾರಿ ಬಿಟ್ಟೂ ಓಡಾಡುವ ಹಕ್ಕು ಸಿಕ್ಕಿದ್ದು 2000ದ ಕಾನೂನಿನಿಂದ. ಆ ಗುಡ್ಡ ಹತ್ತುವಾಗೆಲ್ಲ ನನಗೆ ಆ ಹುಡುಗರ ನೆನಪಾಗ್ತದೆ.

ಗಾರೆ ಇಲ್ಲದೆ ಕಟ್ಟಿದ ಕಲ್ಲಿನ ಗೋಡೆ ದಾಟ್ಲಿಕ್ಕೆ ಅಲ್ಲಲ್ಲಿ ಸ್ಟೈಲ್ ಇರ್ತದೆ, ಅಂದ್ರೆ ನಮ್ಮ ತಡಮೆ. ಹಳೇ ಬಾವಿಗೆ ಇಳಿಲಿಕ್ಕೆ ಕಲ್ಲು ಹೊರಗೆ ಚಾಚಿಟ್ಟಿರ್ತಾರಲ್ಲ, ಹಾಗೆ ಗೋಡೆಯಿಂದಲೇ ಕಲ್ಲು ಹೊರಗೆ ಬಂದಿರ್ತದೆ, ಅದಕ್ಕೆ ಕಾಲಿಟ್ಟು ಹತ್ತಿ ಆಚೆ ಇಳಿಯುವುದು. ಗೇಟ್ ಇದ್ರೆ ಹೇಗಿತ್ತೋ ಹಾಗೇ ಬಿಡಿ, ಕುರಿ ನೀರಿಗೆ ಹೋಗ್ಲಿ ಅಂತ ರೈತರೇ ತೆರೆದಿಟ್ಟಿರ್ಬಹುದು. ಕರು ಜೊತೆಗಿರುವ ದನ ಕಂಡ್ರೆ ಸುತ್ತು ಹಾಕಿ ಹೋಗಿ.

ಪ್ರಶ್ನೆ: ಅಕ್ಕ ಲೀಡ್ಸ್‌ನಲ್ಲಿದ್ದಾಳೆ. ಅಮ್ಮನಿಗೆ 63, ಮೊಣಕಾಲು ನೋವು. ಅವರಿಗಾಗುವಂಥದ್ದು ಉಂಟಾ? (ಸುರತ್ಕಲ್ಲಿನ ಓದುಗರು)

ಉತ್ತರ: ಧಾರಾಳ ಉಂಟು. ಲೀಡ್ಸ್‌ನಿಂದ ಕಾರ್ಲೈಲ್ ಕಡೆ ಹೋಗುವ ರೈಲಲ್ಲಿ ಕಿಟಕಿ ಪಕ್ಕ ಕೂರಿಸಿ, ರಿಬಲ್‌ಹೆಡ್‌ನಲ್ಲಿ ಇಳಿರಿ. ಸ್ಟೇಷನ್‌ನಿಂದ ಸ್ವಲ್ಪ ನಡೆದ್ರೆ 24 ಕಮಾನಿನ ರೈಲು ಸೇತುವೆ, ಹಿಂದೆ 736 ಮೀಟರಿನ ವರ್ನ್‌ಸೈಡ್. ಕಾರು ಇದ್ರೆ ಮಾಲಮ್ ಕೋವ್‌ನ ಸುಣ್ಣಕಲ್ಲಿನ ಬಂಡೆಯ ಬುಡದವರೆಗೆ ಕರ್ಕೊಂಡು ಹೋಗಿ, ದಾರಿ ಚೆನ್ನಾಗುಂಟು. ಮೇಲಿನ ಮೆಟ್ಟಿಲು ಅಮ್ಮನಿಗೆ ಬೇಡ, ನೀವು ಹತ್ತಿ ಬನ್ನಿ.

ಪ್ರಶ್ನೆ: ಉಂಬಳ ಉಂಟಾ? (ಉಡುಪಿಯ ಓದುಗರು)

ಉತ್ತರ: ಆ ದಾರಿಗಳಲ್ಲಿ ನಮ್ಮ ಘಟ್ಟದ ಹಾಗೆ ಉಂಬಳ ಕಾಲಿಗೆ ಹತ್ತೂದಿಲ್ಲ. ಆದ್ರೆ ಉಣ್ಣಿ ಉಂಟು, ಜರಿಗಿಡ, ಎತ್ತರದ ಹುಲ್ಲಲ್ಲಿ. ಕೆಲವು ಉಣ್ಣಿಗಳಿಂದ ಲೈಮ್ ಕಾಯಿಲೆ ಬರ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ಹಾಕಿ, ರಾತ್ರಿ ಮೈ ನೋಡ್ಕೊಳ್ಳಿ. ಕಚ್ಚಿದ್ರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನ ಮೇಲೆಳೀರಿ, ಸುಣ್ಣ, ಎಣ್ಣೆ ಹಚ್ಬೇಡಿ. ಆ ಕಾಯಿಲೆಯ ಗುರುತಾಗಿ ಕಚ್ಚಿದ ಜಾಗದ ಸುತ್ತ ಕೆಂಪು ಹರಡುವುದು ಕೆಲವು ವಾರ ಕಳೆದೂ ಆಗ್ಬಹುದು, ಅಷ್ಟರಲ್ಲಿ ನೀವು ಊರಿಗೆ ಬಂದಾಗಿರ್ತದೆ. ಹಾಗಾಗಿ ಇಲ್ಲಿನ ಡಾಕ್ಟ್ರ ಹತ್ರ ಇಂಗ್ಲೆಂಡಿನ ಗುಡ್ಡದಲ್ಲಿ ತಿರುಗಿದ್ದು ಹೇಳ್ಲಿಕ್ಕೆ ಮರಿಬೇಡಿ.