ಸಿನಿಮಾ ಹೇಳುತ್ತೇನೆ, ಫೋನ್ ಮಾತ್ರ ಆಫ್ ಮಾಡಬೇಡಿ

ಹತ್ತು ದಿನ ರಜೆ, ಹೋಮ್‌ಸ್ಟೇ, ಫೋನ್ ಆಫ್, ಮೂಡ್ ಬರಲು ಬರಹಗಾರನ ಬಗ್ಗೆ ಒಂದು ಕ್ರಿಸ್‌ಮಸ್ ಸಿನಿಮಾ. ಅರ್ಧಕ್ಕೆ ನಿಂತ ಕಾದಂಬರಿ ಮುಗಿಸಲು ಈ ಪ್ಲಾನ್ ಹಾಕಿಕೊಂಡು, ಯಾವ ಸಿನಿಮಾ, ಯಾವ ಹೋಮ್‌ಸ್ಟೇ ಅಂತ ನೀವು ಕೇಳಿದ್ದು ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2018ರ ಡಿಸೆಂಬರಿನಲ್ಲಿ ನಾನೂ ಥೇಟ್ ಇದನ್ನೇ ಮಾಡಿದ್ದೆ. ಸಕಲೇಶಪುರದ ಹತ್ತಿರ ಕಾಫಿ ತೋಟದ ನಡುವೆ ಒಂದು ರೂಮು, ಹನ್ನೊಂದು ದಿನ.

ಬರೆಯುತ್ತಿದ್ದದ್ದು ನೈಟ್ ಹಾಲ್ಟ್ ಬಸ್ಸಿನ ಕಂಡಕ್ಟರ್ ಕಥೆ. ನಮ್ಮಪ್ಪ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದವರು. ದಿನಾ ಸಂಜೆ ಏಳೂವರೆಗೆ ಫೋನ್ ಮಾಡಿ ಊಟ ಆಯ್ತಾ ಅಂತ ಶುರು ಮಾಡಿದರೆ, ಯಾವುದೋ ಘಾಟಿಯಲ್ಲಿ ಟೈರ್ ಪಂಕ್ಚರ್ ಆದದ್ದು, ಮದುವೆ ದಿಬ್ಬಣದವರು ಟಿಕೆಟ್ ತಗೊಳ್ಳದೆ ಜಗಳಕ್ಕೆ ನಿಂತದ್ದು, ಅಲ್ಲಿಂದ ಇನ್ನೆಲ್ಲಿಗೋ ಹೋಗಿಬಿಡುತ್ತಿದ್ದರು. ಹೊರಡುವ ಮುಂಚೆ ಅವರಿಗೆ ಹೇಳಿದೆ, 'ಹನ್ನೊಂದು ದಿನ ಫೋನ್ ಮಾಡಬೇಡಿ ಅಪ್ಪ, ಬರೀತಾ ಇರ್ತೀನಿ.' ಆದರೂ ಮೂರನೇ ದಿನ ಮಾಡಿದರು. ಕಟ್ ಮಾಡಿದೆ. ಐದನೇ ದಿನವೂ ಮಾಡಿದರು, ಮತ್ತೆ ಕಟ್ ಮಾಡಿದೆ. ಆಮೇಲೆ ಬರಲಿಲ್ಲ.

ನನ್ನ ತಪ್ಪು ಇಲ್ಲೇ ಇದೆ, ಬಿಡಿಸಿ ಹೇಳುತ್ತೇನೆ. ರಜೆ ಹಾಕಿದ್ದರಲ್ಲಿ ತಪ್ಪಿಲ್ಲ, ಹೋಮ್‌ಸ್ಟೇಗೆ ಸುರಿದ ದುಡ್ಡೂ ಹೋಗಲಿ ಬಿಡಿ. ಕಥೆಯೆಲ್ಲ ನನ್ನ ತಲೆಯೊಳಗೇ ಇದೆ, ಹೊರಗಿನದೆಲ್ಲ ಬರೀ ಡಿಸ್ಟರ್ಬೆನ್ಸ್ ಅಂದುಕೊಂಡೆನಲ್ಲ, ಅದು ತಪ್ಪು. ನಾಲ್ಕನೇ ಅಧ್ಯಾಯದಲ್ಲಿ ಬಸ್ಸು ರಾತ್ರಿ ಹಳ್ಳಿಯಲ್ಲಿ ನಿಲ್ಲುತ್ತದೆ. ಆ ದಿನದ ಕಲೆಕ್ಷನ್ ದುಡ್ಡಿನ ಬ್ಯಾಗನ್ನು ಕಂಡಕ್ಟರ್ ಎಲ್ಲಿಡಬೇಕು? ಇದಕ್ಕೆ ಎರಡು ದಿನ ಒದ್ದಾಡಿದೆ. ಕೊನೆಗೆ ಊರ ಪಟೇಲರ ಮನೆಯ ಟ್ರಂಕಿನಲ್ಲಿ ಇಡಿಸಿದೆ. ಟ್ರಂಕ್ ಅಂದಮೇಲೆ ಕಳ್ಳತನ ಬೇಕಲ್ವಾ, ಅದನ್ನೂ ಮಾಡಿಸಿದೆ. ನಲವತ್ತು ಪುಟ ಆಯಿತು.

ವಾಪಸ್ ಬಂದು ಅಪ್ಪನಿಗೆ ಓದಿ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. 'ಕಲೆಕ್ಷನ್ ದುಡ್ಡನ್ನ ಯಾರ್ದೋ ಮನೇಲಿ ಇಡ್ತಾರೇನೋ? ಹಿಂದಿನ ಸೀಟಲ್ಲಿ ತಲೆ ಕೆಳಗೆ ಇಟ್ಕೊಂಡು ಮಲಗೋದು. ಚಿಲ್ಲರೆ ಕಿವಿಗೆ ಒತ್ತುತ್ತೆ ಅಂತ ಟವಲ್ ಸುತ್ತಿ ಇಟ್ಕೋತಿದ್ದೆ.'

ಟವಲ್ ಸುತ್ತಿದ ದುಡ್ಡಿನ ದಿಂಬು! ನನ್ನ ನಲವತ್ತು ಪುಟಕ್ಕಿಂತ ಅದೊಂದೇ ಸಾಕಿತ್ತು. ಏಳೂವರೆಯ ಫೋನ್ ಎತ್ತಿದ್ದರೆ ಎರಡು ನಿಮಿಷದಲ್ಲಿ ಸಿಗುತ್ತಿತ್ತು.

ಸರಿ, ಸಿನಿಮಾ. 2017ರ 'ದಿ ಮ್ಯಾನ್ ಹೂ ಇನ್ವೆಂಟೆಡ್ ಕ್ರಿಸ್‌ಮಸ್' ನೋಡಿ. ಒಂದೂಮುಕ್ಕಾಲು ಗಂಟೆ ಅಷ್ಟೇ. ನಿರ್ದೇಶಕ ಭರತ್ ನಲ್ಲೂರಿ, ಗುಂಟೂರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 'ಎ ಕ್ರಿಸ್‌ಮಸ್ ಕ್ಯಾರಲ್' ಅನ್ನೋ ಪುಸ್ತಕ ಬರೆದ ದಿನಗಳ ಕಥೆ. ಇಷ್ಟು ಒಳ್ಳೆ ಸಿನಿಮಾ ಬಗ್ಗೆ ನಮ್ಮ ಕಡೆ ಒಬ್ಬರೂ ಮಾತಾಡಿದ್ದು ನಾನು ಕೇಳಿಲ್ಲ. ಡಿಕನ್ಸ್ ರೂಮಿನಲ್ಲಿ ಕೂತು ತನ್ನ ಕಥೆಯ ಜಿಪುಣ ಮುದುಕನ ಹೆಸರಿಗಾಗಿ ತಡಕಾಡುತ್ತಾನೆ. ಒಂದೊಂದೇ ಹೆಸರು ಬಾಯಲ್ಲಿ ಉರುಳಿಸಿ ನೋಡುತ್ತಾನೆ. 'ಸ್ಕ್ರೂಜ್' ಅಂದದ್ದೇ ತಡ, ಆ ಮುದುಕ ಎದುರಿಗೇ ಬಂದು ನಿಲ್ಲುತ್ತಾನೆ. ಕ್ರಿಸ್ಟೋಫರ್ ಪ್ಲಮರ್ ಆ ಪಾತ್ರ ಮಾಡಿದ್ದಾರೆ, ಅದಕ್ಕೇ ಒಂದು ಸಲ ನೋಡಬೇಕು. ಇತ್ತ ಮನೆಗೆ ಡಿಕನ್ಸ್‌ನ ಅಪ್ಪ ಬಂದು ಕೂತಿದ್ದಾರೆ. ಸಾಲ ಮಾಡಿ ಜೈಲಿಗೆ ಹೋಗಿದ್ದ ಅಪ್ಪ. ಆಗ ಹನ್ನೆರಡು ವರ್ಷದ ಮಗ ಶೂ ಪಾಲಿಶ್ ಫ್ಯಾಕ್ಟರಿಯಲ್ಲಿ ದುಡಿಯಬೇಕಾಗಿತ್ತು, ಇದು ನಿಜವಾಗಿ ನಡೆದದ್ದು. ಸಿನಿಮಾದಲ್ಲಿ ಅವನು ರೇಗಿ ಅಪ್ಪನನ್ನು ಕಳಿಸಿಬಿಡುತ್ತಾನೆ, ಕಥೆ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡುವಾಗ ನನಗೆ ಹೇಗಾಗಿರಬೇಡ!

ಇನ್ನೊಂದು ಮಾತು. ಆ ಪುಸ್ತಕ ಬರೆಯಲು ಡಿಕನ್ಸ್ ರಜೆ ಹಾಕಿರಲಿಲ್ಲ. ಇನ್ನೊಂದು ಕಾದಂಬರಿಯ ತಿಂಗಳ ಕಂತು ಬರೆಯುತ್ತಲೇ, ರಾತ್ರಿ ಲಂಡನ್ ಬೀದಿಗಳಲ್ಲಿ ಮೈಲಿಗಟ್ಟಲೆ ನಡೆಯುತ್ತಲೇ, ಸುಮಾರು ಆರು ವಾರದಲ್ಲಿ ಮುಗಿಸಿದ. 1843ರ ಡಿಸೆಂಬರ್ 19ಕ್ಕೆ ಪುಸ್ತಕ ಬಂತು, ಕ್ರಿಸ್‌ಮಸ್ ಹೊತ್ತಿಗೆ 6,000 ಪ್ರತಿ ಖಾಲಿ. (ಅಷ್ಟಾದರೂ ಅವನ ಕೈಗೆ ಬಂದದ್ದು 230 ಪೌಂಡ್, 1,000 ಬರುತ್ತೆ ಅಂದುಕೊಂಡಿದ್ದನಂತೆ. ಅಚ್ಚಿನ ಖರ್ಚು ತಾನೇ ಹಾಕಿ, ಬಣ್ಣದ ಚಿತ್ರ, ಚಿನ್ನದಂಚು ಅಂತ ಹೋದರೆ ಇನ್ನೇನಾಗುತ್ತೆ.)

ಆದ್ದರಿಂದ ಹೋಮ್‌ಸ್ಟೇ ಯಾವುದು ಒಳ್ಳೇದು ಅಂತ ನನ್ನನ್ನು ಕೇಳಬೇಡಿ. ಬುಕಿಂಗ್ ಕ್ಯಾನ್ಸಲ್ ಮಾಡಿ. ನಿಮ್ಮ ಕಾದಂಬರಿ ಯಾರ ಬಗ್ಗೆಯೋ ಅವರ ಜೊತೆ ಆ ಹತ್ತು ದಿನ ಸುಮ್ನೆ ಕೂತು ಟೀ ಕುಡಿಯಿರಿ.

ನಾನು ಈಗ ಏಳೂವರೆಗೆ ನಾನೇ ಫೋನ್ ಮಾಡುತ್ತೇನೆ. ಅಪ್ಪ ಮಾತಾಡುತ್ತಾರೆ, ಇಲ್ಲ ಅಂತಿಲ್ಲ. 'ಬಿಡುವಿದೆಯೇನೋ?' ಅಂತ ಕೇಳಿಯೇ ಶುರು ಮಾಡುತ್ತಾರೆ. ಮುಂಚೆ ಹಾಗೆ ಕೇಳುತ್ತಿರಲಿಲ್ಲ.